ಅಷ್ಟೊಂದು ಅಡಿಕೆ ಉದುರಿದರೂ ವಿಮೆ ಯಾಕೆ ಬರಲಿಲ್ಲ?

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ, ಮಧ್ಯೆ ಮೆಣಸು. ಕೊಳೆ ರೋಗಕ್ಕೆ ಅರ್ಧ ಫಸಲು ನೆಲ ಸೇರಿತು. ವಿಮೆ ಕಟ್ಟಿದ್ದೆ, ಫೋಟೋನೂ ತೆಗೆದಿಟ್ಟಿದ್ದೇನೆ. ಪಕ್ಕದ ಪಂಚಾಯಿತಿಯವರಿಗೆ ದುಡ್ಡು ಬಂತು, ನಮಗಿಲ್ಲ. ಯಾರಿಗೆ ಅರ್ಜಿ ಕೊಡಬೇಕು ಸಾರ್?

ಮಳೆಗಾಲ ಮುಗಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹೆಸರು, ಊರು ಬೇರೆ. ಫೋಟೋ ಮಾತ್ರ ಎಲ್ಲರದೂ ಒಂದೇ: ಮರದ ಬುಡದಲ್ಲಿ ಬಿಳಿ ಬೂಷ್ಟು ಹಿಡಿದ ಹಸಿರಡಿಕೆ, ಪಕ್ಕದಲ್ಲಿ ತೆಗೆದವರ ಹವಾಯಿ ಚಪ್ಪಲಿ.

ಬೇಜಾರು ಮಾಡ್ಕೋಬೇಡಿ. ವಿಮೆ ಲೆಕ್ಕ ಹಾಕುವಾಗ ಆ ಫೋಟೋ ಯಾರೂ ನೋಡುವುದಿಲ್ಲ.

ವಿಮೆ ಅಂದರೆ ನಷ್ಟಕ್ಕೆ ಪರಿಹಾರ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನೀವು ಅಡಿಕೆ, ಮೆಣಸಿಗೆ ಮಾಡಿಸಿದ್ದು ಹವಾಮಾನ ಆಧಾರಿತ ಬೆಳೆ ವಿಮೆ. ಹೆಸರಲ್ಲೇ ಇದೆ ಅಲ್ವಾ? ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತಕ್ಕೆ 6,400 ಕಟ್ಟುತ್ತೀರಲ್ಲ, ಅದು ಶೇ. 5. ಆ ದುಡ್ಡಿಗೆ ಕಂಪನಿ ಒಪ್ಪಿಕೊಂಡಿದ್ದು ಇಷ್ಟೇ: ನಿಮ್ಮ ಪಂಚಾಯಿತಿಯ ಮಳೆಮಾಪಕ ಇಂಥ ಅವಧಿಯಲ್ಲಿ ಇಷ್ಟು ಮಿಲಿಮೀಟರ್ ದಾಟಿದರೆ ಇಷ್ಟು ಕೊಡುತ್ತೇವೆ. ದಾಟದಿದ್ದರೆ ಇಲ್ಲ. ಆ ಮಾತಿನಲ್ಲಿ ನಿಮ್ಮ ಮರವೂ ಇಲ್ಲ, ಉದುರಿದ ಕಾಯಿಯೂ ಇಲ್ಲ.

ಅದಕ್ಕೇ ಒಂದು ಕಾಯಿಯೂ ಉದುರದವನ ಖಾತೆಗೆ ದುಡ್ಡು ಬೀಳುತ್ತದೆ, ತೋಟ ಹಾಳಾದವನಿಗೆ ಬರುವುದಿಲ್ಲ. ಇದರಲ್ಲಿ ಮೋಸ ಹುಡುಕಬೇಡಿ. ಪಕ್ಕದ ಪಂಚಾಯಿತಿಗೆ ಬೇರೆ ಮಾಪಕ, ಬೇರೆ ಮಳೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಶೃಂಗೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ, ಕಡೂರಿನಲ್ಲಿ 700 ಮುಟ್ಟಿದರೆ ಒಳ್ಳೆ ವರ್ಷ. ಗುಡ್ಡದ ಆಚೆ ಸುರಿದದ್ದು ಈಚೆ ಹನಿಯದ ದಿನ ನೀವೂ ನೋಡಿದ್ದೀರಿ.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಎಲ್ಲಿ ಅಂತ ನನಗೆ ಗೊತ್ತು. ಕಡೂರಿನ ನೆಂಟರು ರಾಗಿಗೆ ಮಾಡಿಸುವುದು ಫಸಲ್ ಬಿಮಾ. ಅದರಲ್ಲಿ ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು, ಬಂದು ನೋಡುತ್ತಾರೆ. ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿಯನ್ನೂ ಅಳೆಯುತ್ತಾರೆ. ಆ ಕಥೆ ಮದುವೆಮನೆಯಲ್ಲಿ ಕೇಳಿ, ನಮ್ಮ ಅಡಿಕೆಗೂ ಹಾಗೇ ಅಂದುಕೊಂಡೆವು. ಎರಡೂ ಬೆಳೆ ವಿಮೆಯೇ, ಲೆಕ್ಕ ಬೇರೆ.

ಅರ್ಜಿ ಯಾರಿಗೆ ಅಂದಿರಲ್ಲ, ಮೊದಲು ತೋಟಗಾರಿಕೆ ಇಲಾಖೆಗೆ ಹೋಗಿ. ನಷ್ಟದ ಮಾತು ಎತ್ತಬೇಡಿ. ಎಷ್ಟು ಮಳೆಗೆ ಎಷ್ಟು ದುಡ್ಡು ಅನ್ನುವ ವಿಮೆಯ ಷರತ್ತಿನ ಪಟ್ಟಿ ಕೇಳಿ, ನಿಮ್ಮ ಪಂಚಾಯಿತಿಯ ದಿನದಿನದ ಮಳೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಜಮೀನಿಗೆ ಅಡಿಕೆ ಅಂತಲೇ ಇದೆಯಾ ಅದನ್ನೂ ನೋಡಿಕೊಳ್ಳಿ. ಅಲ್ಲಿ ಬೇರೆ ಬೆಳೆ ಇದ್ದರೆ ಮಳೆ ಎಷ್ಟು ಬಿದ್ದರೂ ಕಷ್ಟ.

ಮಾಪಕವೇ ತಪ್ಪು ತೋರಿಸಿದರೆ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನೇ ಕಂಡ ಒಂದು ಮಾಪಕದ ಮೇಲೆ ಹಲಸಿನ ಕೊಂಬೆ ಬಾಗಿ ಕೂತಿತ್ತು. ಅದು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತಲೇ ಇತ್ತು, ಎಲೆ ಬಿಟ್ಟುಕೊಟ್ಟಷ್ಟು ಮಳೆಯನ್ನು. ಕೊಂಬೆ ಕಡಿಸಲು ನಾವು ನಾಲ್ಕು ಸಲ ಓಡಾಡಿದೆವು. ಅಷ್ಟಕ್ಕೂ ಅನುಮಾನ ಬಂದದ್ದು ಮನೆಯ ಮಳೆ ಪುಸ್ತಕದಿಂದ. ನಮ್ಮ ಅಪ್ಪ ಇಂಚು, ಸೆಂಟ್ಸ್ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆಯುತ್ತಿದ್ದರು, ನಾನು ಮಿಲಿಮೀಟರಿಗೆ ಬದಲಿಸಿದೆ. ಒಂದು ಇಂಚಿಗೆ 25.4.

ಮನೆಯ ಪುಸ್ತಕ ತೋರಿಸಿದರೆ ವಿಮೆ ಕೊಡುವುದಿಲ್ಲ, ಅದೂ ತಿಳಿದಿರಲಿ. ಆದರೆ ಕೊಳೆಗೆ ಔಷಧಿ ಹೊಡೆಯಲು ಅದರಷ್ಟು ಉಪಯೋಗದ ವಸ್ತು ಇಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ), ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ ಅನ್ನುತ್ತೇವೆ. ಆ ಎರಡನೆಯದಕ್ಕೆ ಹೊಳವು, ಅಂದರೆ ಮಳೆ ಬಿಡುವು, ಯಾವಾಗ ಸಿಕ್ಕೀತು ಅನ್ನುವುದೇ ಈಗಿನ ತಲೆನೋವು. ಅಪ್ಪನ ಪುಟಗಳಲ್ಲಿ ವಾರಗಟ್ಟಲೆ ಸಣ್ಣ ಸಣ್ಣ ಅಂಕಿಗಳು. ನನ್ನ 2019ರ ಆಗಸ್ಟ್ ಪುಟದಲ್ಲಿ ನಾಲ್ಕೈದು ದಿನಕ್ಕೇ ತಿಂಗಳ ಮಳೆ.

ಮನೆಯಲ್ಲಿ ಮಳೆ ಅಳೆಯಲು ದುಬಾರಿ ಸಾಮಾನು ಬೇಡ. ಗೋಡೆ ನೇರ ಇರುವ, ಬಾಯಿ ತಳ ಒಂದೇ ಅಗಲದ ಡಬ್ಬವನ್ನು ಬಯಲಲ್ಲಿಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ಓದಿ, ಬರೆದು, ಚೆಲ್ಲಿ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಅವತ್ತು ಮಳೆ ಬರಲಿಲ್ಲವೋ, ನೀವು ನೆಂಟರ ಮನೆಗೆ ಹೋಗಿದ್ದಿರೋ, ಆಮೇಲೆ ಗೊತ್ತಾಗುವುದಿಲ್ಲ.