ಕ್ರಿಯಾಟಿನಿನ್ ನಾರ್ಮಲ್ ಇದ್ದರೂ ಮೂತ್ರದಲ್ಲಿ ಪ್ರೋಟೀನ್ ಯಾಕೆ?

ಪ್ರಶ್ನೆ: ನಮ್ಮ ಅಪ್ಪನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆ ಅಂತ ಡಾಕ್ಟರು ಹೊಸ ಮಾತ್ರೆ ಬರೆದಿದ್ದಾರೆ. ಆದರೆ ರಕ್ತದ ಕ್ರಿಯಾಟಿನಿನ್ 0.9 ಇದೆ. ಅಂದ್ರೆ ಕಿಡ್ನಿ ಚೆನ್ನಾಗಿದೆ ಅಂತಲೇ ಅಲ್ವಾ?
(ಸಿಂಧನೂರಿನ ಓದುಗರು)

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಎರಡೂ ರಿಪೋರ್ಟ್ ನಿಜವೇ. ಕಿಡ್ನಿ ಎಷ್ಟು ರಕ್ತ ಸೋಸುತ್ತಿದೆ ಅನ್ನುವುದಕ್ಕೆ ಮಾಂಸಖಂಡಗಳಿಂದ ರಕ್ತಕ್ಕೆ ಬರುವ ಕಸವಾದ ಕ್ರಿಯಾಟಿನಿನ್ ನೋಡುತ್ತಾರೆ. ಸೋಸುವ ಪದರ ಸೋರುತ್ತಿದೆಯಾ ಅನ್ನುವುದು ಗೊತ್ತಾಗುವುದು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್‌ನಿಂದ. ಶುಗರ್ ಇರುವ ಬಹಳ ಜನರಲ್ಲಿ ಈ ಸೋರಿಕೆಯೇ ಮೊದಲು ಕಾಣುತ್ತದೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಗ್ಲೊಮೆರುಲಸ್‌ಗಳಿವೆ. ಇವು ಸಣ್ಣ ರಕ್ತನಾಳಗಳ ಉಂಡೆಗಳು. ಎಲ್ಲಾ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು, ಉಳಿದದ್ದು ವಾಪಸ್ ರಕ್ತಕ್ಕೆ. ರಕ್ತನಾಳದ ಹೊರಗೋಡೆಯ ಮೇಲೆ ಪೋಡೋಸೈಟ್ ಎಂಬ ಜೀವಕೋಶಗಳು ಕೂತಿರುತ್ತವೆ. ಎರಡು ಕೈಗಳ ಬೆರಳು ಹೆಣೆದಂತೆ ಅವುಗಳ ಪಾದಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ನಡುವಿನ ಸಂದಿಯಲ್ಲಿ ಒಂದು ತೆಳು ಪರದೆ. ನೀರು, ಉಪ್ಪು, ಕ್ರಿಯಾಟಿನಿನ್ ಅದನ್ನು ದಾಟುತ್ತವೆ. ದೊಡ್ಡ ಅಣುವಾದ ಆಲ್ಬುಮಿನ್ ಹೆಚ್ಚುಕಡಿಮೆ ಪೂರ್ತಿ ರಕ್ತದಲ್ಲೇ ಉಳಿಯುತ್ತದೆ.

ಆ ಪರದೆ ಯಾವುದರಿಂದ ಆಗಿದೆ ಅನ್ನುವುದು ತಿಳಿದದ್ದು ಫಿನ್ಲೆಂಡ್‌ನ ಕೆಲವು ಶಿಶುಗಳಿಂದ. ಆ ಮಕ್ಕಳು ಹುಟ್ಟುವ ಮೊದಲೇ ಮೂತ್ರದಲ್ಲಿ ವಿಪರೀತ ಪ್ರೋಟೀನ್ ಕಳೆದುಕೊಳ್ಳುತ್ತಿದ್ದವು. 1998ರಲ್ಲಿ ವಿಜ್ಞಾನಿ ಕಾರ್ಲ್ ಟ್ರಿಗ್ವಾಸನ್ ಅವರ ತಂಡ ಆ ಮಕ್ಕಳಲ್ಲಿ ಕೆಟ್ಟಿದ್ದ ಜೀನ್ ಹುಡುಕಿತು. ಅದು ತಯಾರಿಸುವ ಪ್ರೋಟೀನ್‌ಗೆ ನೆಫ್ರಿನ್ ಎಂದು ಹೆಸರಿಟ್ಟರು. ಅಕ್ಕಪಕ್ಕದ ಪಾದಗಳಿಂದ ಬರುವ ನೆಫ್ರಿನ್ ಎಳೆಗಳು ನಡುವೆ ಸೇರಿ ಪರದೆಯಾಗುತ್ತವೆ. ಒಂದೇ ಒಂದು ಪ್ರೋಟೀನ್ ಇಲ್ಲವಾದರೆ ಇಡೀ ಅಂಗ ಸೋರುತ್ತದೆ! ನನಗೆ ಇದು ಕಿಡ್ನಿ ವಿಜ್ಞಾನದ ಅತಿ ದೊಡ್ಡ ಪಾಠಗಳಲ್ಲಿ ಒಂದು.

ಶುಗರ್‌ನಲ್ಲಿ ಜೀನ್ ಸರಿಯಾಗಿಯೇ ಇರುತ್ತದೆ. ಆದರೆ ಗ್ಲೊಮೆರುಲಸ್ ಒಳಗೆ ಒತ್ತಡ ಏರುತ್ತದೆ, ಪದರ ದಪ್ಪವಾಗುತ್ತದೆ, ನೆಫ್ರಿನ್ ಕಡಿಮೆಯಾಗುತ್ತದೆ. ಪಾದಗಳು ಚಪ್ಪಟೆಯಾಗಿ, ಕೊನೆಗೆ ಕೆಲವು ಪೋಡೋಸೈಟ್‌ಗಳು ಕಳಚಿ ಮೂತ್ರದಲ್ಲಿ ಹೋಗುತ್ತವೆ. ಚರ್ಮದ ಕೋಶಗಳ ಹಾಗೆ ಇವು ಒಡೆದು ಹೊಸದಾಗುವುದಿಲ್ಲ. ಖಾಲಿಯಾದ ಜಾಗದಲ್ಲಿ ಗಾಯದ ಕಲೆ ಬೆಳೆಯುತ್ತದೆ. ಡಾಕ್ಟರು ಈಗಲೇ ಮಾತ್ರೆ ಶುರು ಮಾಡಿದ್ದು ಇದಕ್ಕೇ.

ಹಾಗಾದರೆ ಕ್ರಿಯಾಟಿನಿನ್ ಯಾಕೆ ಏರಲಿಲ್ಲ? ಕೆಲವು ಗ್ಲೊಮೆರುಲಸ್ ಸತ್ತರೆ ಉಳಿದವು ಜಾಸ್ತಿ ಕೆಲಸ ಮಾಡುತ್ತವೆ. ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧ ಹೋದ ಮೇಲೆಯೇ ಎಷ್ಟೋ ಜನರಲ್ಲಿ ಆ ಸಂಖ್ಯೆ ನಾರ್ಮಲ್ ಗೆರೆ ದಾಟುವುದು. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ಹಿರಿಯರಲ್ಲಿ ಇನ್ನೂ ತಡ.

ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (mg/g ಲೆಕ್ಕದಲ್ಲಿ) 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಎಚ್ಚರಿಕೆಯ ಹಂತ. ಜ್ವರ, ಮೂತ್ರದ ಸೋಂಕಿನಲ್ಲೂ ಇದು ಏರಬಹುದು. ಆದ್ದರಿಂದ ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೊಮ್ಮೆ ಮಾಡಿಸಿ. ನೊರೆ ನೋಡಿ ನಿರ್ಧರಿಸಬೇಡಿ.

ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಮಾತ್ರೆಗಳನ್ನು ಸುಮ್ನೆ ಬಿಪಿ ಮಾತ್ರೆ ಅಂದುಕೊಳ್ಳಬೇಡಿ. ಗ್ಲೊಮೆರುಲಸ್‌ನಿಂದ ರಕ್ತ ಹೊರಗೆ ಹೋಗುವ ನಾಳವನ್ನು ಇವು ಸಡಿಲಿಸುತ್ತವೆ. ಒಳಗಿನ ಒತ್ತಡ ಇಳಿಯುತ್ತದೆ. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಒಳಗೆ ಬರುವ ನಾಳದ ಕಡೆಯಿಂದ ಇದೇ ಒತ್ತಡ ಇಳಿಸುತ್ತದೆ. ಶುರುವಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಅದನ್ನು ನೋಡಿ ಹೆದರಿ ಮಾತ್ರೆ ನಿಲ್ಲಿಸಿಬಿಡುವುದು ದೊಡ್ಡ ನಷ್ಟ. ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ.

ನಮ್ಮ ರಾಯಚೂರು ಕಡೆಯವರಿಗೆ ಇನ್ನೊಂದು ಮಾತು. ನಾಟಿ ಮಾಡಿ, ಹತ್ತಿ ಬಿಡಿಸಿ ಸೊಂಟ ಹಿಡಿದರೆ ಮೆಡಿಕಲ್ ಶಾಪ್‌ನಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಗೊಂಡು ನುಂಗುವುದು ರೂಢಿ. ಅದು ಗ್ಲೊಮೆರುಲಸ್‌ಗೆ ರಕ್ತ ತರುವ ನಾಳವನ್ನೇ ಬಿಗಿ ಮಾಡುತ್ತದೆ. 40 ಡಿಗ್ರಿ ಬಿಸಿಲಲ್ಲಿ ಬೆವರು ಹರಿದು, ಮೇಲೆ ಈ ಬಿಪಿ ಮಾತ್ರೆಯೂ ಇದ್ದರೆ, ಕಿಡ್ನಿ ದಿಢೀರ್ ಕೈಕೊಡಬಹುದು. ಅಪ್ಪನಿಗೆ ವಾಂತಿ ಭೇದಿ ಶುರುವಾದರೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕು ಅಂತ ಕೇಳಿ.