ಆ ಕಲ್ಲು ಗುಂಡಿಯ ಅಡಿಯಲ್ಲೇ ಇದೆಯಾ?

ಪ್ರಶ್ನೆ: ಉಲ್ಕಾಶಿಲೆ ಬಿದ್ದು ಗುಂಡಿಯಾಯಿತು ಅಂದರೆ ಆ ಕಲ್ಲು ಈಗಲೂ ಅಡಿಯಲ್ಲಿ ಹೂತಿರಬೇಕಲ್ವಾ? ಅಗೆದು ತೆಗೆಯಬಾರದೇಕೆ?

ಇಲ್ಲ, ಹೂತಿಲ್ಲ. ಮಹಾರಾಷ್ಟ್ರದ ಲೋನಾರ್ ಉಲ್ಕಾಗುಂಡಿಯ ಬಗ್ಗೆ ಬರೆದಾಗಲೆಲ್ಲ ಇದೇ ಪ್ರಶ್ನೆ. ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಈ ಸಲ ಚಿಕ್ಕ ಗುಂಡಿಯೊಂದನ್ನು ನೋಡೋಣ.

ಈಜಿಪ್ಟಿನ ದಕ್ಷಿಣದ ಅಂಚಿನ ಮರುಭೂಮಿಯಲ್ಲಿ ಕಮಿಲ್ ಅನ್ನುವ ಗುಂಡಿ ಇದೆ. ಅಗಲ 45 ಮೀಟರ್. ವಯಸ್ಸು 5000 ವರ್ಷಕ್ಕಿಂತ ಕಡಿಮೆ. 2008ರಲ್ಲಿ ಇಟಲಿಯ ವಿನ್ಚೆಂಜೊ ದೆ ಮಿಕೇಲೆ ಗೂಗಲ್ ಅರ್ಥ್ ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು. 2010ರಲ್ಲಿ ವಿಜ್ಞಾನಿಗಳ ತಂಡ ಅಲ್ಲಿಗೆ ಹೋಯಿತು.

ಬಿದ್ದದ್ದು ನಿಕಲ್ ಬೆರೆತ ಕಬ್ಬಿಣದ ಗುಂಡು, ಸುಮಾರು 1.3 ಮೀಟರ್ ಅಗಲ. ನಿಮ್ಮ ತಲೆಯಲ್ಲಿರುವುದು ಕೆಸರಿಗೆ ಎಸೆದ ಕಲ್ಲಿನ ಚಿತ್ರ. ಪಚಕ್ ಅಂತ ಹೋಗಿ ಕೂತುಬಿಡುತ್ತದೆ. ಈ ಗುಂಡು ನೆಲ ಮುಟ್ಟಿದ್ದು ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ. ಮೆಜೆಸ್ಟಿಕ್‌ನಿಂದ ಮೈಸೂರಿಗೆ 40 ಸೆಕೆಂಡು! ಆ ವೇಗದಲ್ಲಿ ಒಂದು ಕೆಜಿ ಕಬ್ಬಿಣಕ್ಕೆ ಒಂದು ಕೆಜಿ ಟಿಎನ್‌ಟಿ ಸಿಡಿಮದ್ದಿಗಿಂತ ಜಾಸ್ತಿ ಶಕ್ತಿ ಇರುತ್ತದೆ. ನೆಲಕ್ಕೆ ಬಡಿದ ಕ್ಷಣ ಅದೆಲ್ಲ ಒಮ್ಮೆಲೇ ಬಿಡುಗಡೆ. ಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿದ ಮೇಲೆ ಕುಳಿಯೊಳಗೆ ಮದ್ದು ಹುಡುಕುತ್ತೀರಾ? ಇದೂ ಅಷ್ಟೇ.

ಕಬ್ಬಿಣ ಎಲ್ಲಿ ಹೋಯಿತು ಅಂದರೆ, ಗುಂಡಿಯ ಸುತ್ತಲೇ ಚೂರಾಗಿ ಚೆಲ್ಲಿತ್ತು. ಸಾವಿರಾರು ತುಂಡು, ಅಂಚೆಲ್ಲ ಹರಿದು ಮೊನಚಾಗಿವೆ. ಒಂದು ಮಾತ್ರ ಬೇರೆ ಥರ. 83 ಕೆಜಿಯದು. ಗಾಳಿಯಲ್ಲೇ ಬೇರ್ಪಟ್ಟು ಬಂದದ್ದು. ಬಿಸಿ ಮುದ್ದೆಗೆ ಹೆಬ್ಬೆರಳು ಒತ್ತಿದ ಹಾಗೆ ಮೈತುಂಬ ತಗ್ಗು.

ಅಮೆರಿಕದ ಅರಿಜೋನಾದ ದೊಡ್ಡ ಉಲ್ಕಾಗುಂಡಿಯಲ್ಲಿ ಗಣಿ ಎಂಜಿನಿಯರ್ ಡೇನಿಯಲ್ ಬ್ಯಾರಿಂಜರ್ ಕೂಡ ನಿಮ್ಮ ಹಾಗೇ ಯೋಚಿಸಿದ. ಅಡಿಯಲ್ಲಿ ಕಬ್ಬಿಣದ ಬೆಟ್ಟವೇ ಇದೆ ಅಂತ 1903ರಿಂದ ಕಾಲು ಶತಮಾನ ಕೊರೆದ, ಕೊರೆಸಿದ. ದುಡ್ಡೆಲ್ಲ ನೆಲದ ಪಾಲು. 1929ರಲ್ಲಿ ತೀರಿಕೊಂಡ. ಪಾಪ, ಅವನಿಗೆ ಹೇಳುವವರು ತಡವಾಗಿ ಬಂದರು. ನಿಮಗೆ ನಾನಿದ್ದೇನೆ.

ಇನ್ನು ಯಾರೂ ಕೇಳದ ಪ್ರಶ್ನೆ: ಇಂಥ ಪುಟ್ಟ ಗುಂಡಿ ನಮ್ಮ ಕಡೆ ಏಕೆ ಕಾಣುವುದಿಲ್ಲ? ಕಮಿಲ್‌ನಲ್ಲಿ ಮಳೆ ಇಲ್ಲ, ನೇಗಿಲು ಇಲ್ಲ. ಸಿಡಿದ ಮಣ್ಣು ಚಂದ್ರನ ಕುಳಿಗಳ ಸುತ್ತ ಇರುವಂತೆ ಗೆರೆಗೆರೆಯಾಗಿ ಇನ್ನೂ ಹಾಗೇ ಬಿದ್ದಿದೆ. ನಮ್ಮಲ್ಲಾದರೆ ನಾಲ್ಕು ಮುಂಗಾರಿಗೆ ಆ ಗೆರೆ ಮಾಯ. ಆಮೇಲೆ ಹೂಳು ತುಂಬುತ್ತದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದನ್ನೇ ಕಟ್ಟೆ ಮಾಡಿಕೊಂಡು ಎಮ್ಮೆ ಮೈ ತೊಳೆಯುತ್ತಿರುತ್ತಾರೆ.