ದಾವಣಗೆರೆ ತಪ್ಪಿಸಿಕೊಂಡು ಹೋಗುವ ನೆರಳು

2019ರ ಡಿಸೆಂಬರ್ 26, ಬೆಳಿಗ್ಗೆ ಒಂಬತ್ತೂಕಾಲು. ದಾವಣಗೆರೆಯ ನಮ್ಮ ಮನೆ ಅಂಗಳದಲ್ಲಿ ಅಪ್ಪ ಮಂಡಕ್ಕಿ ಜರಡಿ ಹಿಡಿದು ನಿಂತಿದ್ದರು. ನೆಲದ ಮೇಲೆ ಜರಡಿಯ ಒಂದೊಂದು ತೂತಿಗೂ ಒಂದೊಂದು ಪುಟ್ಟ ಸೂರ್ಯ, ಎಲ್ಲವೂ ಕತ್ತರಿಸಿದ ಉಗುರಿನ ಹಾಗೆ ಬಾಗಿದ್ದವು. ಒಳಗೆ ಅಜ್ಜಿ ನೀರಿನ ಕೊಡಕ್ಕೆ ದರ್ಭೆ ಹಾಕಿ, ತಟ್ಟೆಯಲ್ಲಿ ಒನಕೆ ನಿಲ್ಲಿಸಿ ಕೂತಿದ್ದರು. (ಬುಡ ಸಪಾಟಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತೆ. ಅಜ್ಜಿ ಮುಂದೆ ಹೇಳೋ ಧೈರ್ಯ ನನಗಿರಲಿಲ್ಲ.)

"ಚೆನ್ನಾಗಿದೆ. ಆದರೆ ಇದೂ ಅರೆಬರೆನೇ" ಅಂದರು ಅಪ್ಪ.

ಅವತ್ತು ಚಂದ್ರ ಸೂರ್ಯನ ಒಳಗೆ ಕೂತು ಬಳೆ ಕಂಡದ್ದು ಕಾಸರಗೋಡು, ಕೊಡಗಿನ ಕುಟ್ಟ ಕಡೆ. ಅಪ್ಪನ ಹಳೇ ಬೇಜಾರು ಮಾತ್ರ 1980ರದ್ದು. ಆ ವರ್ಷ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ ಹತ್ತಿರ ದಡ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರು ಹಾದು ಒಡಿಶಾ ಕಡೆ ಹೋಯಿತು. ಹುಬ್ಬಳ್ಳಿಯಲ್ಲಿ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಹಗಲಲ್ಲೇ ಕತ್ತಲು. ಬಸ್ಸಲ್ಲಿ ಮೂರು ತಾಸಿನ ದೂರದ ದಾವಣಗೆರೆಯಲ್ಲಿ ಸೂರ್ಯನ ಸಣ್ಣ ಅಂಚೊಂದು ಉಳಿದೇಬಿಟ್ಟಿತು.

ಅಷ್ಟೇ ತಾನೇ ಅನ್ನಬೇಡಿ. ಹುಣ್ಣಿಮೆ ಚಂದ್ರನಿಗಿಂತ ಸೂರ್ಯ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ನೂರರಲ್ಲಿ ಒಂದು ಪಾಲು ಉಳಿದರೂ 4,000 ಹುಣ್ಣಿಮೆಗಳ ಬೆಳಕು! ಅದರಲ್ಲಿ ನಕ್ಷತ್ರ ಎಲ್ಲಿ ಕಾಣಬೇಕು?

ನಮ್ಮೂರಿಗೆ ಇದೇನೂ ಹೊಸತಲ್ಲ. 1868ರ ಆಗಸ್ಟ್ 18ರ ನೆರಳು ಉತ್ತರದಲ್ಲಿ ಜಮಖಂಡಿ ಮೇಲೆ ಹೋಯಿತು. ಅದೇ ನೆರಳು ಗುಂಟೂರು ತಲುಪಿದಾಗ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. 1871ರ ಡಿಸೆಂಬರ್ 12ರದ್ದು ದಕ್ಷಿಣದಲ್ಲಿ ಬೇಕಲ, ನೀಲಗಿರಿ ಮೇಲೆ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಹಿಂದಿನ ಹೊಲಕ್ಕೆ ಸುರಿದು ಮುಂದಿನ ಹೊಲಕ್ಕೆ ಕೈಕೊಡುವ ಮಳೆ ಇದ್ದಂಗೆ.

ಹಾಗಾದರೆ ಒಂದೇ ಊರಿಗೆ ಪೂರ್ಣ ಗ್ರಹಣ ಎಷ್ಟು ವರ್ಷಕ್ಕೊಮ್ಮೆ? ಬೆಲ್ಜಿಯಂನ ಜೀನ್ ಮೀಯಸ್ ಲೆಕ್ಕ ಹಾಕಿ ಕೊಟ್ಟ ಉತ್ತರ: ಸರಾಸರಿ 375 ವರ್ಷ. ಇದನ್ನು ನಾವೂ ಒರಟಾಗಿ ಹಾಕಿ ನೋಡಬಹುದು. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಪೂರ್ಣ ಗ್ರಹಣ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಆಗುತ್ತೆ. ಆದರೆ ಕಡುನೆರಳಿನ ಪಟ್ಟಿ ಸಾಮಾನ್ಯವಾಗಿ ನೂರು, ನೂರೈವತ್ತು ಕಿಲೋಮೀಟರ್ ಅಗಲ. ಸಾವಿರಾರು ಕಿಲೋಮೀಟರ್ ಓಡಿದರೂ ಅದು ಬಳಿಯುವುದು ಭೂಮಿಯ ಮೈಯಲ್ಲಿ ಅರ್ಧ ಪರ್ಸೆಂಟಿಗಿಂತ ಕಡಿಮೆ. ಅಂದರೆ ಸುಮಾರು 250 ಗ್ರಹಣಕ್ಕೆ ಒಂದು ನಮ್ಮ ಪಾಲಿಗೆ. 250ನ್ನು ಒಂದೂವರೆಯಿಂದ ಗುಣಿಸಿ, 375!

ಸರಾಸರಿ ಅಂದರೆ ಸರದಿ ಅಲ್ಲ, ನೋಡಿ. ಅಮೆರಿಕದ ಕಾರ್ಬನ್‌ಡೇಲ್ ಎಂಬ ಊರಿಗೆ 2017ರಲ್ಲೂ ಬಂತು, 2024ರಲ್ಲೂ ಬಂತು. ಅರೆಬರೆ ಗ್ರಹಣಕ್ಕೆ ಇಷ್ಟು ಬಡತನ ಇಲ್ಲ, ಕೆಲವು ವರ್ಷಕ್ಕೊಮ್ಮೆ ಯಾವ ಊರಿಗೂ ಸಿಗುತ್ತೆ. ನಮಗೇ 2019ರಲ್ಲಿ, 2020ರಲ್ಲಿ, 2022ರ ಅಕ್ಟೋಬರ್ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ, ಹೀಗೆ ಸಾಲಾಗಿ ಸಿಕ್ಕಿವೆ.

ನನಗೆ ಜಾಸ್ತಿ ಇಷ್ಟವಾಗೋದು ಗ್ರಹಣಗಳ ಮನೆತನದ ವಿಷಯ. ಹೆಚ್ಚುಕಮ್ಮಿ ಅದೇ ರೀತಿಯ ಗ್ರಹಣ 18 ವರ್ಷ 11 ದಿನ 8 ತಾಸಿಗೆ ಮತ್ತೆ ಬರುತ್ತೆ. ಇದಕ್ಕೆ ಸಾರೋಸ್ ಅಂತ ಹೆಸರು. ತೊಡಕು ಇರೋದು ಆ 8 ತಾಸಿನಲ್ಲಿ. ಅಷ್ಟರಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತೆ, ನೆರಳು ಬೇರೆ ದೇಶದ ಮೇಲೆ ಬೀಳುತ್ತೆ. 1980ರ ಗ್ರಹಣದ ತಮ್ಮ 1998ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋದ. ಅದರ ಮುಂದಿನವನು 2016ರಲ್ಲಿ ಇಂಡೋನೇಷ್ಯಾಕ್ಕೆ. ಮೂರು ಸಲ ಆದಾಗ ಸುತ್ತು ಪೂರ್ತಿಯಾಗಿ ಮತ್ತೆ ನಮ್ಮ ಕಡೆಗೇ ಬರಬೇಕು. ಬರುತ್ತೆ ಕೂಡ, 2034ರ ಮಾರ್ಚ್ 20ಕ್ಕೆ. ಆದರೆ ಉತ್ತರಕ್ಕೆ ಸರಿದುಬಿಟ್ಟಿದೆ, ಹುಬ್ಬಳ್ಳಿ ಅಲ್ಲ, ಕಾರ್ಗಿಲ್ ಕಡೆ.

ಅಪ್ಪ ಈಗಿನಿಂದಲೇ ವಿಚಾರಿಸುತ್ತಿದ್ದಾರೆ, ಮಾರ್ಚಿನಲ್ಲಿ ಅಲ್ಲಿ ರಸ್ತೆ ತೆರೆದಿರುತ್ತಾ ಅಂತ.